ಚೀನೀ ವೈದ್ಯ: ತಪ್ಪು ಕಲ್ಪನೆ ಯಾವುದು, ಸತ್ಯ ಯಾವುದು?

ಚೀನಾದ ಸಾಂಪ್ರದಾಯಿಕ ವೈದ್ಯವನ್ನು ಕೆಲವರು ಕಣ್ಣುಮುಚ್ಚಿ ನಂಬುತ್ತಾರೆ, ಕೆಲವರು ಸಾರಾಸಗಟಾಗಿ ತಳ್ಳಿಹಾಕುತ್ತಾರೆ. ಸೂಜಿ, ಗಿಡಮೂಲಿಕೆ, ವ್ಯಾಯಾಮ ಮೂರಕ್ಕೂ ಒಂದೇ ತೀರ್ಪು ಕೊಡುವುದು ಸರಿಯಲ್ಲ. ಒಂದೊಂದನ್ನೂ ಬೇರೆಬೇರೆಯಾಗಿ ನೋಡಬೇಕು.

ತಪ್ಪು ಕಲ್ಪನೆ: ಇದು ಐದು ಸಾವಿರ ವರ್ಷಗಳಿಂದ ಬದಲಾಗದೆ ಬಂದ ಪದ್ಧತಿ.

ಸತ್ಯ: ಇದರ ಮೂಲಗ್ರಂಥವೆನಿಸಿದ ‘ಹ್ವಾಂಗ್‌ದಿ ನೈಜಿಂಗ್’ ಸುಮಾರು ಎರಡು ಸಾವಿರ ವರ್ಷ ಹಳೆಯದು. ಆಮೇಲೆ ಹತ್ತಾರು ಪರಂಪರೆಗಳು ಬೆಳೆದವು, ಪರಸ್ಪರ ವಾದಿಸಿದವು. 1822ರಲ್ಲಿ ಚಕ್ರವರ್ತಿ ದಾವೊಗ್ವಾಂಗ್ ಅರಮನೆಯ ವೈದ್ಯಶಾಲೆಯಿಂದ ಆಕ್ಯುಪಂಕ್ಚರ್ ಅನ್ನೇ ತೆಗೆಸಿಹಾಕಿದ. ಇಂದು ನಾವು ಕಾಣುವ ಏಕರೂಪದ ಪದ್ಧತಿ, 1950ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಕಾಲೇಜು, ಪಠ್ಯಪುಸ್ತಕಗಳ ಮೂಲಕ ರೂಪಿಸಿದ್ದು.

ತಪ್ಪು ಕಲ್ಪನೆ: ಅಮೆರಿಕದ ಪತ್ರಕರ್ತ ಜೇಮ್ಸ್ ರೆಸ್ಟನ್‌ಗೆ ಬರೀ ಸೂಜಿ ಚುಚ್ಚಿ ಶಸ್ತ್ರಚಿಕಿತ್ಸೆ ಮಾಡಿದರು.

ಸತ್ಯ: 1971ರಲ್ಲಿ ಬೀಜಿಂಗ್‌ನಲ್ಲಿ ಅವರ ಅಪೆಂಡಿಕ್ಸ್ ತೆಗೆದದ್ದು ಮಾಮೂಲಿ ಅರಿವಳಿಕೆ ಕೊಟ್ಟೇ. ಸೂಜಿ ಚುಚ್ಚಿದ್ದು ಆನಂತರ, ಹೊಟ್ಟೆಯ ತೊಳಲಾಟ ಕಡಿಮೆ ಮಾಡಲು. ಹಾಗಾದರೆ ಸೂಜಿಯಿಂದ ನೋವು ತಗ್ಗುತ್ತದೆಯೇ? ಬೆನ್ನುನೋವಿನ 1,162 ರೋಗಿಗಳ ಮೇಲೆ ಜರ್ಮನಿಯಲ್ಲಿ ನಡೆದ ಪ್ರಯೋಗದ ಫಲಿತಾಂಶ 2007ರಲ್ಲಿ ಬಂತು. ಶಾಸ್ತ್ರೋಕ್ತ ಬಿಂದುಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಶೇ. 47.6 ಮಂದಿಗೆ ಗುಣ ಕಂಡಿತು. ಬೇರೆಲ್ಲೋ ಮೇಲ್ಮೇಲೆ ಚುಚ್ಚಿಸಿಕೊಂಡವರಲ್ಲಿ ಶೇ. 44.2, ಮಾಮೂಲಿ ಚಿಕಿತ್ಸೆಯಲ್ಲಿ ಶೇ. 27.4. ಹಲವರಿಗೆ ಉಪಶಮನ ಸಿಕ್ಕಿದ್ದು ನಿಜ. ಆದರೆ ಆ ಗುಣ ನಿರ್ದಿಷ್ಟ ಬಿಂದುಗಳಲ್ಲೇ ಅಡಗಿದೆ ಎನ್ನಲು ಆಧಾರ ಸಿಗಲಿಲ್ಲ.

ತಪ್ಪು ಕಲ್ಪನೆ: ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ.

ಸತ್ಯ: 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಯ ಗುಳಿಗೆ ನುಂಗಿದ ನೂರಕ್ಕೂ ಹೆಚ್ಚು ಜನರ, ಬಹುತೇಕ ಮಹಿಳೆಯರ, ಮೂತ್ರಪಿಂಡ ಹಾಳಾಯಿತು. ಒಂದು ಮೂಲಿಕೆಯ ಬದಲು ಹೆಸರಲ್ಲಿ ಅದನ್ನೇ ಹೋಲುವ, ಅರಿಸ್ಟೊಲೊಕಿಕ್ ಆಮ್ಲವಿರುವ ಇನ್ನೊಂದು ಬೆರೆತಿತ್ತು. ಹೀಗೆ ಕೆಟ್ಟ ಮೂತ್ರಪಿಂಡಗಳನ್ನು ತೆಗೆಸಿಕೊಂಡ 39 ಮಂದಿಯನ್ನು ಪರೀಕ್ಷಿಸಿದಾಗ 18 ಮಂದಿಯ ಮೂತ್ರಮಾರ್ಗದಲ್ಲಿ ಕ್ಯಾನ್ಸರ್ ಕಂಡಿತು. ಮೂಲಿಕೆಗೆ ರೋಗ ಗುಣಪಡಿಸುವಷ್ಟು ಶಕ್ತಿ ಇದೆಯೆಂದಾದರೆ, ಕೆಡುಕು ಮಾಡುವ ಶಕ್ತಿಯೂ ಇರುತ್ತದೆ.

ತಪ್ಪು ಕಲ್ಪನೆ: ನೊಬೆಲ್ ಬಂದ ಮೇಲೆ ಇಡೀ ಪದ್ಧತಿಯೇ ಸಾಬೀತಾದಂತೆ.

ಸತ್ಯ: ಮಲೇರಿಯಾ ಔಷಧಕ್ಕಾಗಿ ಚೀನಾ 1967ರಲ್ಲಿ ‘523 ಯೋಜನೆ’ ಶುರುಮಾಡಿತು. ವಿಜ್ಞಾನಿ ತೂ ಯೋಯೋ ಅವರ ತಂಡ ಹಳೆಯ ಔಷಧ ಸೂತ್ರಗಳನ್ನು ಕಲೆಹಾಕಿ, ಸಾರಗಳನ್ನು ಇಲಿಗಳ ಮೇಲೆ ಒಂದೊಂದಾಗಿ ಪರೀಕ್ಷಿಸಿತು. ಬಹುಪಾಲು ಸೋತವು. ಚಿಂಗ್‌ಹಾವ್ ಗಿಡವನ್ನು ನೀರಲ್ಲಿ ನೆನೆಸಿ ಹಿಂಡಬೇಕೆಂದು ನಾಲ್ಕನೇ ಶತಮಾನದ ಗೆ ಹಾಂಗ್ ಬರೆದಿದ್ದರು, ಕುದಿಸಲು ಹೇಳಿರಲಿಲ್ಲ. ಬಿಸಿಗೆ ಔಷಧದ ಸತ್ವ ಕೆಡುತ್ತಿರಬಹುದೆಂದು ಊಹಿಸಿದ ತೂ, ಕಡಿಮೆ ಶಾಖದಲ್ಲಿ ಈಥರ್ ಬಳಸಿ ಸಾರ ತೆಗೆದರು. ಹೀಗೆ ದೊರೆತ ಆರ್ಟೆಮಿಸಿನಿನ್‌ಗೆ 2015ರಲ್ಲಿ ನೊಬೆಲ್ ಬಂತು. ಮಂಗಳೂರಿನಲ್ಲಿ ಫಾಲ್ಸಿಪಾರಂ ಮಲೇರಿಯಾ ರೋಗಿಗೆ ಕೊಡುವ ಸಂಯುಕ್ತ ಔಷಧದಲ್ಲೂ ಇದೇ ವರ್ಗದ ಮದ್ದಿದೆ. ಹಳೆಯ ಗ್ರಂಥ ಸುಳಿವು ಕೊಟ್ಟಿತು. ಸಾಬೀತು ಮಾಡಿದ್ದು ಪ್ರಯೋಗಶಾಲೆ.

ತಪ್ಪು ಕಲ್ಪನೆ: ‘ಚಿ’ ಎಂಬ ಶಕ್ತಿ ಸಾಬೀತಾಗಿಲ್ಲ, ಹಾಗಾಗಿ ತಾಯ್ ಚಿ ವ್ಯರ್ಥ.

ಸತ್ಯ: ‘ಚಿ’ಯನ್ನಾಗಲಿ ಅದು ಹರಿಯುವ ನಾಡಿಗಳನ್ನಾಗಲಿ ಯಾವ ಉಪಕರಣವೂ ಅಳೆದಿಲ್ಲ. ಆದರೂ ನಿಧಾನವಾಗಿ ಭಾರ ಬದಲಿಸುತ್ತ ಮಾಡುವ ಈ ವ್ಯಾಯಾಮ ವಯಸ್ಸಾದವರ ಸಮತೋಲನ ಹೆಚ್ಚಿಸುತ್ತದೆ, ಬೀಳುವುದನ್ನು ತಗ್ಗಿಸುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಮಂಡಿಸವೆತದ ನೋವಿಗೆ ಇದು ಫಿಸಿಯೊಥೆರಪಿಯಷ್ಟೇ ಉಪಯುಕ್ತವೆಂದು 2016ರ ಅಮೆರಿಕದ ಅಧ್ಯಯನವೊಂದು ತೋರಿಸಿತು.

ತಾಯ್ ಚಿ ಕಲಿಯಿರಿ, ತೊಂದರೆಯಿಲ್ಲ. ಸೂಜಿ ಚುಚ್ಚಿಸಿಕೊಳ್ಳುವುದಾದರೆ ತರಬೇತಾದವರ ಬಳಿ ಹೋಗಿ, ಹೊಸ ಸೂಜಿಯನ್ನೇ ಕೇಳಿ. ಪುಡಿ, ಗುಳಿಗೆ ಏನೇ ತೆಗೆದುಕೊಂಡರೂ ನಿಮ್ಮ ವೈದ್ಯರಿಂದ ಮುಚ್ಚಿಡಬೇಡಿ. ಶಕ್ತಿ ಸರಿಹೋಗುತ್ತದೆಂದು ಯಾರೋ ಹೇಳಿದರೆಂದು ಸಕ್ಕರೆ ಕಾಯಿಲೆಯ, ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಎಂದೂ ನಿಲ್ಲಿಸಬೇಡಿ.