ಊರ ತೋಟಕ್ಕೆ ನೀರು ಹೊರುವವರು ಯಾರು?



ನಮ್ಮ ಹಳೆಯ ಮೈಸೂರು ಸೀಮೆಯ ಊರುಗಳ ಮಗ್ಗುಲಲ್ಲಿ ಗುಂಡುತೋಪು ಎಂಬುದೊಂದು ಇರುವುದನ್ನು ನೀವೆಲ್ಲ ಬಲ್ಲಿರಿ. ಮಾವು, ನೇರಳೆ, ಹುಣಸೆ, ಹೊಂಗೆ, ಹಿಪ್ಪೆ. ಯಾರೋ ಹಿರಿಯರು ನೆಟ್ಟದ್ದು, ಯಾರೊಬ್ಬರ ಸ್ವತ್ತೂ ಅಲ್ಲದ್ದು. ಜಾತ್ರೆಗೆ ಬಂದ ಗಾಡಿಗಳು ಅಲ್ಲೇ ಬಿಡುತ್ತಿದ್ದವು, ಮಧ್ಯಾಹ್ನದ ಬಿಸಿಲಿಗೆ ದನಗಳು ಅಲ್ಲೇ ಮಲಗುತ್ತಿದ್ದವು. ಈಗ ಎಷ್ಟೋ ಊರುಗಳಲ್ಲಿ ತೋಪಿನ ಹೆಸರು ಪಹಣಿಯಲ್ಲಿ ಮಾತ್ರ ಉಂಟು. ಜಾಗದಲ್ಲಿ ನೋಡಿದರೆ ನಾಲ್ಕು ಮರ, ಒಂದಷ್ಟು ತಿಪ್ಪೆ. ಇಂಥ ಜಾಗವನ್ನು ಕಂಡು ಮರುಗಿ, ಊರಿನ ಹತ್ತು ಮಂದಿ ಸೇರಿ ಪರಿಸರ ಸಂಘವೊಂದನ್ನು ಕಟ್ಟಿ, ಎಲ್ಲರಿಗೂ ಸೇರಿದ ಒಂದು ತೋಟ ಮಾಡೋಣ ಎಂದು ಹೊರಡುವುದು ಬಹಳ ಸಂತೋಷದ ವಿಷಯ. ಹಾಗೆ ಹೊರಟವರು ನನ್ನ ಬಳಿಗೂ ಬರುತ್ತಾರೆ. ಬಂದವರು ಮೊದಲು ಕೇಳುವ ಮಾತು ಒಂದೇ: "ಸಾರ್, ಯಾವ ಗಿಡ ಕೊಡ್ತೀರಿ?"

ಇದು ಕಡೆಯಲ್ಲಿ ಕೇಳತಕ್ಕ ಪ್ರಶ್ನೆ. ಏತಕ್ಕೆ ಹೀಗೆ ಹೇಳುತ್ತೇನೆಂದರೆ, ಇದನ್ನು ನಾನೇ ಕೆಟ್ಟು ಕಲಿತದ್ದು.

ಕೆಲವು ವರ್ಷಗಳ ಹಿಂದೆ, ನಾನು ಕೆಲಸದಲ್ಲಿದ್ದ ಹೋಬಳಿಯ ಒಂದು ಊರಿನಲ್ಲಿ, ಕೆರೆಯ ಪಕ್ಕದ 20 ಗುಂಟೆ ತೋಪಿನ ಜಾಗದಲ್ಲಿ ಇಂಥ ತೋಟ ಮಾಡಿಸಿದೆ. ವನಮಹೋತ್ಸವದ ವಾರ. 1950ರಲ್ಲಿ ಕೆ. ಎಂ. ಮುನ್ಶಿಯವರು ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಸಚಿವರಾಗಿದ್ದಾಗ ಆರಂಭಿಸಿದ ಆಚರಣೆ ಇದು; ಇಂದಿಗೂ ಜುಲೈ ಮೊದಲ ವಾರದಲ್ಲಿ ದೇಶದ ಉದ್ದಗಲಕ್ಕೂ ಗಿಡ ನೆಡುತ್ತಾರೆ. ನಾವೂ ನೆಟ್ಟೆವು. 64 ಸಸಿ. ಊರೆಲ್ಲ ಬಂದಿತ್ತು, ಭಾಷಣವಾಯಿತು, ಕೋಸಂಬರಿ ಪಾನಕವಾಯಿತು, ಫೋಟೋ ತೆಗೆದದ್ದಾಯಿತು. ಮುಂದಿನ ಶಿವರಾತ್ರಿಗೆ ಹೋಗಿ ಎಣಿಸಿದರೆ ಬದುಕಿದ್ದವು 11. ಸುತ್ತ ಹಾಕಿದ್ದ ಮುಳ್ಳುಬೇಲಿ ಮೂರು ಕಡೆ ಕಿತ್ತಿತ್ತು. ಹುಡುಗರು "ಊರಿನೋರೇ ಸರಿಯಿಲ್ಲ ಸಾರ್" ಎಂದರು. ನಾನೂ ಹಾಗೆಯೇ ಅಂದುಕೊಂಡು ಹಿಂದಿರುಗುತ್ತಿದ್ದೆ. ಕೆರೆ ಏರಿಯ ಮೇಲೆ ಆಡು ಹೊಡೆದುಕೊಂಡು ಒಬ್ಬ ಅಜ್ಜಿ ಎದುರಾದರು.

"ಬೇಲಿ ಕಿತ್ತೋರು ಯಾರು ಅಂತ ಊರೆಲ್ಲ ಹುಡುಕ್ತಿದ್ದೀರಂತೆ, ಸ್ವಾಮಿ. ನಾನೇ ಕಿತ್ತಿದ್ದು."

"ಯಾಕಜ್ಜಿ?"

"ನಮ್ಮತ್ತೆ ಕಾಲದಿಂದ ಆಡು ಇದೇ ದಾರೀಲಿ ಕೆರೆಗೆ ನೀರಿಗೆ ಹೋಗ್ತಿದ್ವು. ನೀವು ಮುಳ್ಳು ಹಾಕ್ಬಿಟ್ರಿ. ಒಂದು ಮಾತು ಕೇಳಿದ್ರಾ?"

"ಇಲ್ಲ ಅಜ್ಜಿ, ಕೇಳ್ಲಿಲ್ಲ."

"ಮತ್ತೆ?"

ಆ 'ಮತ್ತೆ'ಗೆ ನನ್ನ ಬಳಿ ಉತ್ತರವಿರಲಿಲ್ಲ. ಡಿಪ್ಲೊಮಾದಲ್ಲಿ ನನಗೆ ಗುಂಡಿಯ ಅಳತೆ ಕಲಿಸಿದ್ದರು. ಗುಂಡಿ ತೋಡುವ ಜಾಗದಲ್ಲಿ ಯಾರ ಕಾಲುದಾರಿ ಇದೆ ಎಂಬುದನ್ನು ನಾನಾಗಿ ಕೇಳಬೇಕಿತ್ತು.

ಆದ್ದರಿಂದ ಸಂಘ ಕಟ್ಟುವವರಿಗೆ ಮೊದಲ ಮಾತು. ಖಾಲಿ ಜಾಗ ಎಂದು ನಿಮಗೆ ಕಾಣುವುದು ಖಾಲಿಯಾಗಿರುವುದಿಲ್ಲ. ಆಡು ಮೇಯಿಸುವವರು, ಸೌದೆ ಆಯುವವರು, ಹೊಂಗೆ ಬೀಜ ಆರಿಸಿ ಮಾರುವವರು, ಕಣ ಮಾಡುವವರು, ಯಾರಾದರೂ ಇದ್ದೇ ಇರುತ್ತಾರೆ. ಒಂದು ವಾರ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಆ ಜಾಗದಲ್ಲಿ ಸುಮ್ಮನೆ ಕುಳಿತು ನೋಡಿ. ಬಂದವರನ್ನೆಲ್ಲ ಬರೆದುಕೊಳ್ಳಿ. ಸಂಘದ ಮೊದಲ ಸಭೆಗೆ ಕರೆಯಬೇಕಾದವರು ಅವರು. ಇಷ್ಟು ಮಾಡದೆ ಬೇಲಿ ಹಾಕಿದರೆ ನಿಮ್ಮದೂ ಒಂದು ಒತ್ತುವರಿಯೇ ಆಗುತ್ತದೆ. 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜಗಪಾಲ್ ಸಿಂಗ್ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪು, ಊರೊಟ್ಟಿನ ಜಮೀನುಗಳ ಒತ್ತುವರಿ ಬಿಡಿಸಿ ಊರವರೆಲ್ಲರ ಬಳಕೆಗೆ ಹಿಂದಿರುಗಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು. ಸಂಘದ ಬೋರ್ಡು ಹಾಕಿದ ಮಾತ್ರಕ್ಕೆ ಊರೊಟ್ಟಿನ ಜಾಗ ಸಂಘದ್ದಾಗುವುದಿಲ್ಲ. ಪಹಣಿ ತೆಗೆಸಿ, ಸರ್ವೆ ನಂಬರು ನೋಡಿ, ಗ್ರಾಮಸಭೆಯಲ್ಲಿ ಮಾತಾಡಿ, ಪಂಚಾಯತಿಯ ಠರಾವಿನ ನಕಲು ಇಟ್ಟುಕೊಳ್ಳಿ. ಕಂದಾಯ ಇಲಾಖೆಯ ಜಾಗವಾದರೆ ತಾಲ್ಲೂಕು ಕಚೇರಿಯಲ್ಲೂ ವಿಚಾರಿಸತಕ್ಕದ್ದು.

ಆ ಊರಿನಲ್ಲಿ ಎರಡನೆಯ ಸಲ ಹೊರಟಾಗ ನಾವು ಮಾಡಿದ್ದು ಬಹಳ ಸಣ್ಣ ಕೆಲಸ. ತೋಟದ ಒಂದು ಮಗ್ಗುಲಲ್ಲಿ 12 ಅಡಿ ದಾರಿ ಬಿಟ್ಟೆವು. ಆ ದಾರಿಯುದ್ದಕ್ಕೂ ಮುಳ್ಳಿನ ಬದಲು ಗೊಬ್ಬರದ ಗಿಡದ, ಅಂದರೆ ಗ್ಲಿರಿಸಿಡಿಯಾದ ಕಡ್ಡಿ ನೆಟ್ಟೆವು. ಮಳೆಗಾಲದಲ್ಲಿ ಚುಚ್ಚಿದರೆ ಅದು ತಾನಾಗಿ ಚಿಗುರುತ್ತದೆ. ಅದರ ಸೊಪ್ಪನ್ನು ಸ್ವಲ್ಪ ಬಾಡಿಸಿ ಕೊಟ್ಟರೆ ಆಡು ತಿನ್ನುತ್ತದೆ. ಸವರಿದ ಸೊಪ್ಪು ಆಡಿನವರಿಗೆ, ಆಡಿನ ಹಿಕ್ಕೆ ತೋಟದ ಮಡಿಗಳಿಗೆ, ಇದು ಒಪ್ಪಂದ. ಅಂದಿನಿಂದ ಬೇಲಿ ಕಿತ್ತಿಲ್ಲ.

ಇನ್ನು ನೀರಿನ ವಿಚಾರ. ಸಸಿಗಳು ಸತ್ತದ್ದು ಆಡಿನಿಂದ ಅಲ್ಲ, ನೀರಿಲ್ಲದೆ. ಮೊದಲ ಸಲ ನಮ್ಮ ನಡಾವಳಿ ಪುಸ್ತಕದಲ್ಲಿ "ಎಲ್ಲರೂ ಸೇರಿ ನೀರು ಹಾಕುವುದು" ಎಂದು ಬರೆದಿದ್ದೆವು. ಎಲ್ಲರೂ ಎಂದರೆ ಯಾರೂ ಇಲ್ಲ ಎಂದೇ ಅರ್ಥ. ಪಕ್ಕದ ಹೊಲದ ಯಜಮಾನರೊಬ್ಬರು ತಮ್ಮ ಕೊಳವೆಬಾವಿಯಿಂದ ನೀರು ಬಿಡುತ್ತೇನೆಂದು ದೊಡ್ಡ ಮನಸ್ಸಿನಿಂದ ಹೇಳಿದ್ದರು. ಪಂಚಾಯತಿ ಚುನಾವಣೆಯಲ್ಲಿ ಅವರು ಸೋತರು, ವಾಲ್ವು ಮುಚ್ಚಿತು. ಅವರನ್ನು ದೂರಿ ಫಲವಿಲ್ಲ. ಒಬ್ಬರ ವಾಲ್ವನ್ನು ನಂಬಿ 64 ಜೀವ ನೆಟ್ಟದ್ದು ನಮ್ಮ ತಪ್ಪು.

ಈಗ ನನ್ನೊಡನೆ ಸ್ವಲ್ಪ ಲೆಕ್ಕ ಹಾಕಿ. ಎಳೆಯ ಹಣ್ಣಿನ ಸಸಿಗೆ ಬೇಸಿಗೆಯಲ್ಲಿ ವಾರಕ್ಕೆ 15 ಲೀಟರಿನ ಎರಡು ಕೊಡ ಎಂದಿಟ್ಟುಕೊಳ್ಳೋಣ. 16 ಸಸಿಗೆ ವಾರಕ್ಕೆ 32 ಕೊಡ. ಭಾರಿ ಏನಲ್ಲ. ಆದರೆ ಸೊಪ್ಪು ತರಕಾರಿಯ ಮಡಿಯ ಬಾಯಾರಿಕೆ ಬೇರೆ. ಹತ್ತಡಿ ಉದ್ದ ಹತ್ತಡಿ ಅಗಲದ ಒಂದು ಮಡಿ ಬೇಸಿಗೆಯಲ್ಲಿ ದಿನಕ್ಕೆ ಸುಮಾರು 45 ಲೀಟರು, ಅಂದರೆ ಮೂರು ಕೊಡ ಕುಡಿಯುತ್ತದೆ. ಹತ್ತು ಮಡಿಗೆ ದಿನಕ್ಕೆ 30 ಕೊಡವಾಯಿತು. ಮರಗಳು ಒಂದು ವಾರದಲ್ಲಿ ಕುಡಿಯುವಷ್ಟನ್ನು ಸೊಪ್ಪು ಒಂದೇ ದಿನದಲ್ಲಿ ಕುಡಿಯಿತು! ಹೆಚ್ಚಿನ ಊರ ತೋಟಗಳು ಸೋಲುವುದು ಇಲ್ಲಿಯೇ. ಮಳೆಗಾಲದಲ್ಲಿ ಹುರುಪಿನಿಂದ ಹತ್ತು ಮಡಿ ಮಾಡುತ್ತಾರೆ. ಬೇಸಿಗೆಯಲ್ಲಿ ಹತ್ತನ್ನೂ ಉಳಿಸಲು ಹೋಗಿ, ಬೇಸತ್ತು, ಮರದ ಸಸಿಗಳನ್ನೂ ಕೈಬಿಡುತ್ತಾರೆ.

ಶಿವರಾತ್ರಿ ಕಳೆದೊಡನೆ ಮಡಿಗಳನ್ನು ಮೂರಕ್ಕೆ ಇಳಿಸಿ. ಮೂರು ಮಡಿಗೆ ವಾರಕ್ಕೆ 63 ಕೊಡ, ಸಸಿಗಳಿಗೆ 32, ಒಟ್ಟು 95. ಸಂಘದಲ್ಲಿ 14 ಮನೆ ಇದ್ದರೆ ದಿನಕ್ಕೆ ಎರಡು ಮನೆಯ ಸರದಿ; ಒಂದು ಮನೆಗೆ ವಾರಕ್ಕೊಮ್ಮೆ ಏಳು ಕೊಡ. ಇಷ್ಟನ್ನು ಯಾರು ಬೇಕಾದರೂ ಹೊತ್ತಾರು. ಸರದಿಯನ್ನು ಮನೆಯ ಹೆಸರು, ವಾರದ ಹೆಸರು ಹಾಕಿ ಬರೆದು ತೋಟದ ಬಾಗಿಲಲ್ಲಿ ತೂಗುಹಾಕಿ. ಊರಿಗೆ ಹೋಗಬೇಕಾದವರು ತಮ್ಮ ಸರದಿಯನ್ನು ತಾವೇ ಬದಲಾಯಿಸಿಕೊಂಡು ಹೋಗಲಿ. ಅಂದಹಾಗೆ, ಏಳು ಕೊಡ ಎಂದು ಸಭೆಯಲ್ಲಿ ಕೈ ಎತ್ತುವವರು ಗಂಡಸರು, ಹೊರುವವರು ಹೆಂಗಸರು. ಹೊರುವವರೇ ಸಭೆಯಲ್ಲಿ ಕೂತು ಒಪ್ಪಿದ ಸರದಿ ಮಾತ್ರ ನಡೆಯುತ್ತದೆ.

ಹೊರುವ ಕೊಡವನ್ನು ಕಡಿಮೆ ಮಾಡುವ ಉಪಾಯಗಳೂ ಉಂಟು. 20 ಗುಂಟೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 51 ಸಾವಿರ ಲೀಟರಿಗೂ ಮೇಲೆ ನೀರು ಬಿದ್ದಂತೆ. ಅದನ್ನು ಹರಿಯಬಿಡದೆ, ಇಳಿಜಾರಿನ ಕೆಳಮಗ್ಗುಲಿಗೆ ಪ್ರತಿ ಸಸಿಗೂ ಅರ್ಧಚಂದ್ರದಂತೆ ಬದು ಕಟ್ಟಿ. ಸಸಿಯ ಪಕ್ಕದಲ್ಲಿ ಕುಂಬಾರರ ಒಂದು ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಮುಚ್ಚಳವಿಡಿ. ನೀರು ಜಿನುಗಿ ಬೇರಿಗೆ ಸೇರುತ್ತದೆ, ಸೊಳ್ಳೆಯೂ ಆಗುವುದಿಲ್ಲ. ತೋಪಿನ ತರಗೆಲೆಗೆ ಬೆಂಕಿ ಹಚ್ಚಬೇಡಿ. ಮೂರು ನಾಲ್ಕು ಅಂಗುಲ ದಪ್ಪ ಪಾತಿಗೆ ಹರಡಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಿ.

ಗಿಡಗಳ ಮಾತು ಈಗ ಆಡಬಹುದು. ಕಸಿ ಮಾವಿಗೆ 33 ಅಡಿ ಅಂತರ ಬೇಕು. 33 ಅಡಿಗೆ 33 ಅಡಿ ಎಂದರೆ ಸರಿಯಾಗಿ ಒಂದು ಗುಂಟೆ. ಎಂದಮೇಲೆ 20 ಗುಂಟೆಗೆ ಬರೀ ಮಾವು ಹಾಕಿದರೂ 20 ಗಿಡವೇ. ನಾನು 64 ನೆಡಿಸಿದ್ದು ಏತಕ್ಕೆ? ವರದಿಯಲ್ಲಿ ಅಂಕಿ ದೊಡ್ಡದಾಗಿ ಕಾಣಲೆಂದು! ಎರಡನೆಯ ಸಲ 16 ನೆಟ್ಟೆವು. ಭರಣಿ ಮಳೆಗೆ ಮುಂಚೆ ಮೂರಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು, ಮೇಲ್ಮಣ್ಣು ಬೇರೆ ಕೆಳಮಣ್ಣು ಬೇರೆ ಹಾಕಿ, ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಎರಡು ಮಂಕರಿ ಕಳಿತ ಗೊಬ್ಬರ ಬೆರೆಸಿ ತುಂಬಿದೆವು. ಆರಿದ್ರೆಯಲ್ಲಿ ಸಸಿ ನೆಟ್ಟೆವು. ಕಸಿಯ ಗಂಟು ಮಣ್ಣಿನ ಮೇಲಿರಬೇಕು, ಗಂಟಿನ ಕೆಳಗೆ ಬಂದ ಚಿಗುರನ್ನು ಚಿವುಟಬೇಕು. ಮೊದಲ ಎರಡು ಮೂರು ವರ್ಷ ಬಂದ ಹೂವನ್ನೂ ಚಿವುಟಬೇಕು, ಮನಸ್ಸಿಗೆ ಎಷ್ಟೇ ನೋವಾದರೂ ಸರಿ.

ಆದರೆ ಮಾವು ಫಲ ಕೊಡಲು ನಾಲ್ಕೈದು ವರ್ಷ ಹಿಡಿಯುತ್ತದೆ. ಅಲ್ಲಿಯತನಕ ಬರೀ ನೀರು ಹೊರು ಎಂದರೆ ಯಾರು ಹೊರುತ್ತಾರೆ? ದಂಟಿನ ಸೊಪ್ಪು ತಿಂಗಳೊಳಗೆ ಕೊಯ್ಲಿಗೆ ಬರುತ್ತದೆ. ಬೆಂಡೆ, ಅವರೆ, ಬದನೆ ಆಮೇಲೆ. ಬೀಜದಿಂದ ಹಾಕಿದ ವಾರ್ಷಿಕ ನುಗ್ಗೆ, ಉದಾಹರಣೆಗೆ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ 'ಭಾಗ್ಯ' ತಳಿ, ಒಂದು ವರ್ಷದೊಳಗೆ ಕಾಯಿ ಬಿಡುತ್ತದೆ. ಪರಂಗಿಯೂ ಹಾಗೆಯೇ. ಮೊದಲ ತಿಂಗಳಲ್ಲೇ ಪ್ರತಿ ಮನೆಯ ಸಾರಿಗೆ ಒಂದು ಕಟ್ಟು ಸೊಪ್ಪು ಹೋಗಬೇಕು. ಆ ಕಟ್ಟು ಸೊಪ್ಪೇ ಮಾವಿಗೆ ನೀರು ತರುವುದು.

ಸೊಪ್ಪು ಬಂತೆಂದರೆ ಜಗಳವೂ ಬಂತು. ಯಾರಿಗೆ ಎಷ್ಟು ಎಂಬುದನ್ನು ಬೀಜ ಚೆಲ್ಲುವ ಮುಂಚೆಯೇ ಬರೆದಿಡಿ. ಆ ಊರಿನಲ್ಲಿ ಮೂರು ಪಾಲು ಮಾಡಿದರು: ಒಂದು ನೀರು ಹೊತ್ತ ಮನೆಗಳಿಗೆ, ಒಂದು ಅಂಗನವಾಡಿಗೆ ಮತ್ತು ಶಾಲೆಯ ಬಿಸಿಯೂಟಕ್ಕೆ, ಒಂದು ಮಾರಾಟಕ್ಕೆ. ಶನಿವಾರ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಎಲ್ಲರೆದುರು ತೂಕ. ಮುಂಜಾವಿನಲ್ಲಿ ಪರಂಗಿ ಕಾಣೆಯಾಗುವುದು ಮಾತ್ರ ಈಗಲೂ ನಿಂತಿಲ್ಲ. ಅದನ್ನು ಹಕ್ಕಿಯ ಪಾಲು ಎಂದು ಬರೆದುಕೊಂಡಿದ್ದಾರೆ.

ಸರದಿ ಪಟ್ಟಿಯಲ್ಲಿ ಎಲ್ಲ ಕೇರಿಯ ಮನೆಗಳೂ ಇರತಕ್ಕದ್ದು. ಒಂದು ಮನೆಯ ಹಿರಿಯರು "ಅವರು ನೀರು ಹಾಕಿದ ಸೊಪ್ಪು ನಮಗೆ ಬೇಡ" ಎಂದರು. ಸಂಘದ ಹುಡುಗರು ಹೆದರಿ, ಸರದಿ ಬದಲಾಯಿಸೋಣವೇ ಎಂದು ನನ್ನನ್ನು ಕೇಳಿದರು. ಬೇಡ ಎಂದೆ. ಆ ಮನೆಯ ಪಾಲು ಅಂಗನವಾಡಿಗೆ ಹೋಯಿತು. ಎರಡು ತಿಂಗಳ ಮೇಲೆ ಅವರ ಸೊಸೆ ಬಂದು, ಯಾರೂ ಏನೂ ಕೇಳದಂತೆ ತಲೆ ತಗ್ಗಿಸಿ, ಪಾಲು ತೆಗೆದುಕೊಂಡು ಹೋದರು. ಯಾರೂ ಏನೂ ಕೇಳಲಿಲ್ಲ.

ಹಣದ ಲೆಕ್ಕಕ್ಕೆ ದೊಡ್ಡ ವಿದ್ಯೆ ಬೇಡ. ಬಂದದ್ದಕ್ಕೆ ರಶೀದಿ, ಹೋದದ್ದಕ್ಕೆ ಚೀಟಿ, ಬ್ಯಾಂಕಿನಲ್ಲಿ ಇಬ್ಬರ ರುಜುವಿನ ಖಾತೆ. ಹುಣಸೆ ಮರವನ್ನು ಹರಾಜು ಹಾಕಿದರೆ ಕೈಮೇಲೆ ನಗದು. ಕಾಯಿ ಇಳಿಸಿದ ಮೇಲೆ ಕೊಡುತ್ತೇನೆ ಎಂಬ ಮಾತಿಗೆ ಒಪ್ಪಬೇಡಿ, ಹಾಗೆ ಹೇಳುವವರು ಸಾಮಾನ್ಯವಾಗಿ ಸಂಘದವರ ನೆಂಟರೇ ಆಗಿರುತ್ತಾರೆ. ಸಂಘವನ್ನು ನೋಂದಾಯಿಸಲೇಬೇಕೇ ಎಂದು ಕೇಳುತ್ತೀರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಪ್ರಕಾರ ಏಳು ಮಂದಿ ಇದ್ದರೆ ನೋಂದಾಯಿಸಬಹುದು. ಆಮೇಲೆ ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರವನ್ನು ರಿಜಿಸ್ಟ್ರಾರರಿಗೆ ಸಲ್ಲಿಸುತ್ತಿರಬೇಕು. ನನ್ನ ಅಭಿಪ್ರಾಯ ಕೇಳುವುದಾದರೆ, ಒಂದು ಬೇಸಿಗೆ ದಾಟಿದ ಮೇಲೆ ನೋಂದಾಯಿಸಿ. ಕಾಗದದ ಸಂಘ ಮೊದಲು ಹುಟ್ಟಿದರೆ ಅಧ್ಯಕ್ಷರು ಯಾರು ಎಂಬ ಮಾತಿನಲ್ಲೇ ಮುಂಗಾರು ಕಳೆದುಹೋಗುತ್ತದೆ.

ಆ ಊರಿನಲ್ಲಿ 16 ಸಸಿಗಳಲ್ಲಿ 14 ಉಳಿದಿವೆ. ಸತ್ತ ಎರಡರ ಗುಂಡಿ ಹಾಗೆಯೇ ಇದೆ. ಈ ಸಲ ಅಲ್ಲಿ ಮಾವು ಬೇಡ, ನೇರಳೆ ಹಾಕಿ ಎಂದು ಅಜ್ಜಿ ಹೇಳಿದ್ದಾರೆ. ಅವರ ಮನೆಯ ಸರದಿ ಗುರುವಾರ. ಏಳು ಕೊಡ ಹೊರುವಷ್ಟು ಶಕ್ತಿ ಅವರಿಗೀಗ ಇಲ್ಲ. ಮೊಮ್ಮಗ ಹೊರುತ್ತಾನೆ, ಅವರು ಎಣಿಸುತ್ತಾರೆ.

ನಿಮ್ಮ ಊರಿನಲ್ಲಿ ಇಂಥ ಜಾಗವಿದ್ದರೆ ಪಹಣಿಯ ನಕಲು ಮತ್ತು ಒಂದು ವಾರ ಕುಳಿತು ಬರೆದ ಪಟ್ಟಿ, ಎರಡನ್ನೂ ಹಿಡಿದು ನಿಮ್ಮ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಗಿಡದ ವಿಚಾರ ಆಗ ಮಾತಾಡೋಣ.