ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ಕಿರಿಯರ ಮಾತು

ಆಸ್ಪತ್ರೆಯಲ್ಲಿ ರೋಗಿಗೆ ಹಾನಿಯಾದಾಗ ವೈದ್ಯರ ಅಜ್ಞಾನವೋ ಉಪಕರಣಗಳ ಕೊರತೆಯೋ ಕಾರಣವಿರಬೇಕೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ; ಆದರೆ ಅಪಾಯವನ್ನು ಗುರುತಿಸಿದವರು ಅಲ್ಲಿಯೇ ಇದ್ದೂ, ಅವರ ಮಾತು ಹಿರಿಯರನ್ನು ತಲುಪದೆ ಜೀವಹಾನಿಯಾದ ಪ್ರಸಂಗಗಳೂ ಇವೆ. ಇಂಗ್ಲೆಂಡಿನಲ್ಲಿ 2005ರ ಮಾರ್ಚ್‌ನಲ್ಲಿ ನಡೆದ ಎಲೇನ್ ಬ್ರೊಮಿಲಿ ಪ್ರಕರಣ ಅಂಥದ್ದು.

ಇಬ್ಬರು ಚಿಕ್ಕ ಮಕ್ಕಳ ತಾಯಿಯಾದ ಎಲೇನ್ ಸೈನಸ್ ತೊಂದರೆಯ ನಿವಾರಣೆಗಾಗಿ ಮಾಮೂಲಿ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಿತ್ತು. ಅರಿವಳಿಕೆ ನೀಡಿದ ಮೇಲೆ ಅವರ ಗಂಟಲಿನೊಳಗೆ ಉಸಿರಾಟದ ನಳಿಕೆಯನ್ನು ಇಳಿಸಲಾಗಲಿಲ್ಲ, ಮಾಸ್ಕಿನ ಮೂಲಕವೂ ಗಾಳಿ ಒಳಹೋಗಲಿಲ್ಲ, ರಕ್ತದ ಆಮ್ಲಜನಕದ ಮಟ್ಟ ಕೆಲವೇ ನಿಮಿಷಗಳಲ್ಲಿ ಶೇ 40ಕ್ಕೆ ಕುಸಿಯಿತು. ಇಂಥ ಸ್ಥಿತಿಯಲ್ಲಿ ಕುತ್ತಿಗೆಯ ಮುಂಭಾಗವನ್ನು ಸೀಳಿ ಶ್ವಾಸನಾಳಕ್ಕೆ ನೇರವಾಗಿ ದಾರಿ ಮಾಡಬೇಕೆಂಬುದು ವೈದ್ಯಲೋಕ ಒಪ್ಪಿದ ಕ್ರಮವಾಗಿದ್ದರೂ, ಅಲ್ಲಿದ್ದ ಮೂವರು ಅನುಭವಿ ವೈದ್ಯರು ನಳಿಕೆಯನ್ನು ಇಳಿಸುವ ಪ್ರಯತ್ನದಲ್ಲೇ ಮಗ್ನರಾಗಿ ಸಮಯದ ಪರಿವೆಯನ್ನೇ ಕಳೆದುಕೊಂಡರು. ಒಬ್ಬ ನರ್ಸ್ ಕುತ್ತಿಗೆ ಸೀಳುವ ಸಲಕರಣೆಗಳನ್ನು ತಂದು, ಅವು ಸಿದ್ಧವಾಗಿವೆ ಎಂದು ತಿಳಿಸಿದರೂ ಯಾರೂ ಓಗೊಡಲಿಲ್ಲ. ಮತ್ತೊಬ್ಬರು ತೀವ್ರ ನಿಗಾ ಘಟಕಕ್ಕೆ ಫೋನ್ ಮಾಡಿ ಹಾಸಿಗೆ ಕಾದಿರಿಸಿದವರು, ತಾವು ಅತಿಯಾಗಿ ಗಾಬರಿಗೊಂಡಿದ್ದೇವೆಂಬ ಭಾವ ವೈದ್ಯರ ಮುಖದಲ್ಲಿ ಕಂಡದ್ದರಿಂದ ಅದನ್ನು ರದ್ದುಪಡಿಸಿದರು. ನರ್ಸ್‌ಗಳಿಗೆ ಏನು ಮಾಡಬೇಕೆಂಬುದು ಗೊತ್ತಿತ್ತು, ಅದನ್ನು ಹೇಗೆ ಹೇಳಬೇಕೆಂಬುದು ತೋಚಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಎಲೇನ್ ಹದಿಮೂರು ದಿನಗಳ ನಂತರ ತೀರಿಕೊಂಡರು.

ಅವರ ಪತಿ ಮಾರ್ಟಿನ್ ಬ್ರೊಮಿಲಿ ವಿಮಾನ ಚಾಲಕರು. ಮಾತು ಹಿರಿಯರನ್ನು ತಲುಪದಿರುವುದರ ಬೆಲೆಯನ್ನು ವೈಮಾನಿಕ ರಂಗ ಮೊದಲೇ ತೆತ್ತಿತ್ತು: 1977ರಲ್ಲಿ ಟೆನೆರಿಫ್ ದ್ವೀಪದಲ್ಲಿ ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತಾಗ, ಮುಂದಿನ ವಿಮಾನ ರನ್‌ವೇಯಿಂದ ಸರಿದಿದೆಯೇ ಎಂದು ಫ್ಲೈಟ್ ಎಂಜಿನಿಯರ್ ಕೇಳಿದ್ದರೂ ಕ್ಯಾಪ್ಟನ್ ಹೌದೆಂದು ಮುಂದುವರಿದಿದ್ದರು. ಸಹೋದ್ಯೋಗಿಗಳ ಮಾತಿಗೆ ಕಿವಿಗೊಡುವ ಶಿಕ್ಷಣವನ್ನು ಚಾಲಕರಿಗೆ ಕಡ್ಡಾಯವಾಗಿ ಕೊಡಲು ಇಂಥ ದುರಂತಗಳು ಕಾರಣವಾದವು. ವೈದ್ಯಕೀಯದಲ್ಲೂ ಅದೇ ಆಗಬೇಕೆಂದು ಬಯಸಿದ ಮಾರ್ಟಿನ್, ವೈದ್ಯರನ್ನು ಶಿಕ್ಷಿಸಲು ಹೋರಾಡದೆ, 2007ರಲ್ಲಿ ಅದಕ್ಕೆಂದೇ ಒಂದು ಸಂಘಟನೆಯನ್ನು ಕಟ್ಟಿದರು. ಇದು ಅಸಾಧಾರಣ ಔದಾರ್ಯವೇ ಸರಿ.

ಈಗ ಅನೇಕ ಆಸ್ಪತ್ರೆಗಳಲ್ಲಿ ಸಿಬ್ಬಂದಿಗೆ ಮಾತಿನ ಮೆಟ್ಟಿಲುಗಳನ್ನು ಕಲಿಸುತ್ತಾರೆ: ಮೊದಲು ಆತಂಕವನ್ನು ತಿಳಿಸುವುದು, ಫಲವಿಲ್ಲದಿದ್ದರೆ ಇದು ಸರಿಕಾಣುತ್ತಿಲ್ಲವೆನ್ನುವುದು, ಕೊನೆಗೆ ರೋಗಿಯ ಸುರಕ್ಷತೆಗೆ ಧಕ್ಕೆಯಿದೆ, ನಿಲ್ಲಿಸಿ ಎಂದು ನೇರವಾಗಿ ಹೇಳುವುದು. ಇದು ಉಪಯುಕ್ತವೇ ಆದರೂ, ಧೈರ್ಯದ ಹೊರೆಯನ್ನೆಲ್ಲ ಅಧಿಕಾರ ಕಡಿಮೆಯಿರುವವರ ಹೆಗಲಿಗೇ ಹೊರಿಸುವುದು ನ್ಯಾಯವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಚರ್ಮವನ್ನು ಸೀಳುವ ಮುನ್ನ ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು ಮತ್ತು ಕೆಲಸವನ್ನು ಹೇಳಬೇಕೆಂಬ ಅಂಶವಿದೆ. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಈ ಪಟ್ಟಿಯನ್ನು ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ 1.5ರಿಂದ 0.8ಕ್ಕೆ ಇಳಿಯಿತು; ಇಳಿಕೆಯ ಶ್ರೇಯಸ್ಸನ್ನು ಈ ಒಂದೇ ಅಂಶಕ್ಕೆ ಕೊಡಲಾಗದಿದ್ದರೂ, ಆರಂಭದಲ್ಲೇ ಒಮ್ಮೆ ಬಾಯಿಬಿಟ್ಟವರಿಗೆ ಮುಂದೆ ಎಚ್ಚರಿಸುವುದು ಸುಲಭವಾಗುತ್ತದೆಂಬ ತರ್ಕ ಗಟ್ಟಿಯಾದದ್ದು.

ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇಂದು ಸಿಬ್ಬಂದಿಯ ದೂರು-ದುಗುಡಗಳನ್ನು ಕೇಳಲೆಂದೇ ನೇಮಕವಾದ ಅಧಿಕಾರಿಗಳಿದ್ದಾರೆ. ತಿಂಗಳುಗಟ್ಟಲೆ ಮುಂದುವರಿಯುವ ನಿರ್ಲಕ್ಷ್ಯವನ್ನು ಅವರಿಗೆ ತಿಳಿಸಬಹುದು. ಆದರೆ ಆಮ್ಲಜನಕ ಇಳಿಯುತ್ತಿರುವ ಹತ್ತು ನಿಮಿಷಗಳಲ್ಲಿ ಹಿರಿಯ ವೈದ್ಯರಲ್ಲದೆ ಬೇರೆ ಕೇಳುಗರಿರುವುದಿಲ್ಲ.