ಬಂದರಿನ ವರದಿಗಳು: ಒಮ್ಮೆ ಕೇಳಿದರೆ ಸಾಕು

ಬೆಂಗಳೂರಿನ ಹೆಗ್ಗನಹಳ್ಳಿಯಿಂದ ಸಮುದ್ರ, ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ, ರಸ್ತೆಯಲ್ಲಿ ಹೆಚ್ಚುಕಡಿಮೆ 350 ಕಿ.ಮೀ. ದೂರ. ಆದರೂ ಇಲ್ಲಿನ ಲೇತ್ ಮತ್ತು ಸಿಎನ್‌ಸಿ ಶೆಡ್ಡುಗಳಲ್ಲಿ ತಯಾರಾಗುವ ಬಿಡಿಭಾಗಗಳಲ್ಲಿ ಕೆಲವು ವೈಟ್‌ಫೀಲ್ಡಿನ ಕಂಟೇನರ್ ಡಿಪೋ ದಾಟಿ, ರೈಲಿನಲ್ಲಿ ಚೆನ್ನೈಗೆ ಹೋಗಿ ಹಡಗು ಹತ್ತುತ್ತವೆ. ಮಾಲಿಗಿಂತ ಮುಂದಾಗಿ ಹೋಗುವುದು ಅದರ ಕಾಗದಪತ್ರ.

ಹಡಗು ಬಂದರಿಗೆ ಬರುವ ಮೊದಲು, ಸರಕು ಏರುವ ಅಥವಾ ಇಳಿಯುವ ಮೊದಲು ಸರ್ಕಾರಿ ಕಚೇರಿಗಳಿಗೆ ಸಲ್ಲಿಸಲೇಬೇಕಾದ ಮಾಹಿತಿಗೆ ವರದಿ ಎನ್ನೋಣ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಹಡಗು ಬಂತೆಂದರೆ ಬಂದರು ಪ್ರಾಧಿಕಾರ, ಕಸ್ಟಮ್ಸ್, ವಲಸೆ ವಿಭಾಗ, ಬಂದರು ಆರೋಗ್ಯಾಧಿಕಾರಿ ಎಲ್ಲರಿಗೂ ಮಾಹಿತಿ ಬೇಕು. ಸಿಬ್ಬಂದಿ ಪಟ್ಟಿಯೊಂದನ್ನೇ ತೆಗೆದುಕೊಳ್ಳಿ. ಹೆಸರು ಅವೇ, ಜನ್ಮದಿನಾಂಕ ಅವೇ, ಕೇಳುವವರು ಮಾತ್ರ ಬೇರೆ ಬೇರೆ. ಒಂದು ನಮೂನೆಯಲ್ಲಿ ಮನೆತನದ ಹೆಸರು ಮೊದಲು, ಇನ್ನೊಂದರಲ್ಲಿ ಕೊನೆಗೆ. ಅಷ್ಟು ಸಾಕು, ಒಬ್ಬನೇ ನಾವಿಕ ಇಬ್ಬರಾಗಿ ಕಾಣಲು.

ಈ ತೊಡಕು ಹೊಸದಲ್ಲ. 1965ರಲ್ಲೇ ಅಂತರರಾಷ್ಟ್ರೀಯ ಕಡಲ ಸಂಸ್ಥೆ ‘ಫಾಲ್’ ಒಪ್ಪಂದ ತಂದು ಎಲ್ಲ ದೇಶಗಳಿಗೂ ಒಂದೇ ಬಗೆಯ ನಮೂನೆಗಳನ್ನು ರೂಪಿಸಲು ಹೊರಟಿತು. 2024ರ ಜನವರಿ 1ರಿಂದ, ಹಡಗಿನ ಮಾಹಿತಿಯನ್ನೆಲ್ಲ ಒಂದೇ ಡಿಜಿಟಲ್ ಕಿಟಕಿಯಲ್ಲಿ ಪಡೆಯುವುದು ಒಪ್ಪಂದಕ್ಕೆ ಸೇರಿದ ದೇಶಗಳಿಗೆ ಕಡ್ಡಾಯ. ನಮ್ಮಲ್ಲಿ ಅದಕ್ಕೆ ಒಂದು ವರ್ಷ ಮೊದಲೇ, 2023ರ ಜನವರಿಯಲ್ಲಿ, ರಾಷ್ಟ್ರೀಯ ಲಾಜಿಸ್ಟಿಕ್ಸ್ ಪೋರ್ಟಲಿನ ಕಡಲ ವಿಭಾಗ ಶುರುವಾಯಿತು.

ಹೆಚ್ಚಿನವರು ಎಡವುವುದು ಇಲ್ಲೇ. ಆನ್‌ಲೈನ್ ಆಯಿತಲ್ಲ, ಇನ್ನು ವರದಿ ಕಡಿಮೆಯಾದಂತೆಯೇ ಎಂದುಕೊಳ್ಳುತ್ತಾರೆ. ಹತ್ತು ಕಾಗದ ತುಂಬುವ ಬದಲು ಹತ್ತು ಪರದೆ ತುಂಬಿದರೆ ಕೆಲಸ ಕಡಿಮೆಯಾಗುವುದೆಲ್ಲಿ? ಒಂದು ಸಂಗತಿಯನ್ನು ಒಬ್ಬರು ಕೇಳಿ, ಉಳಿದವರು ಅವರಿಂದ ಪಡೆಯುವಂತಾದಾಗ ಮಾತ್ರ ಹೊರೆ ಇಳಿಯುತ್ತದೆ. ಅದಕ್ಕೆ ಮೊದಲು, ಕೇಳುತ್ತಿರುವುದು ಒಂದೇ ಸಂಗತಿಯೋ ಅಲ್ಲವೋ ಎಂದು ತೀರ್ಮಾನವಾಗಬೇಕು.

ತೂಕವನ್ನೇ ನೋಡಿ. ಒಂದು ಕಂಟೇನರಿನಲ್ಲಿ 9,600 ಕೆ.ಜಿ. ಬಿಡಿಭಾಗ ಇದೆ ಎನ್ನಿ. ಇದು ನಿವ್ವಳ ತೂಕ. ಮರದ ಪೆಟ್ಟಿಗೆ, ಪ್ಯಾಕಿಂಗ್ ಸೇರಿ 10,000; ಇದು ಒಟ್ಟು ತೂಕ. ಖಾಲಿ ಕಂಟೇನರಿನದೇ 2,200 ಕೂಡಿಸಿದರೆ 12,200. ಇದು ಹಡಗಿಗೆ ಹತ್ತಿಸುವ ಮೊದಲು ದೃಢೀಕರಿಸಿ ಕೊಡಬೇಕಾದ ‘ವಿಜಿಎಂ’. ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಶಿಪ್ಪಿಂಗ್ ಬಿಲ್, ಬಿಲ್ ಆಫ್ ಲೇಡಿಂಗ್ ಎಲ್ಲದರ ತೂಕದ ಕಾಲಮ್ಮಿಗೂ ಒಂದೇ ಅಂಕಿ ಹಾಕಿದರೆ ತಪ್ಪು; ಯಾವುದಕ್ಕೆ ಯಾವುದೆಂದು ತಿಳಿಯದೆ ಅದಲುಬದಲಾದರೂ ತಪ್ಪು. ಒಂದು ‘ಕ್ವೆರಿ’ ಬಿದ್ದರೆ ಕ್ಲಿಯರಿಂಗ್ ಏಜೆಂಟ್ ಫೋನ್ ಮಾಡುತ್ತಾರೆ, ತಿದ್ದುಪಡಿ ಆಗುವಷ್ಟರಲ್ಲಿ ರೈಲು ಹೋಗಿರುತ್ತದೆ, ಹಡಗು ತಪ್ಪುತ್ತದೆ. ನಾಲ್ಕು ಜನ ಕೆಲಸ ಮಾಡುವ ಶೆಡ್ಡಿಗೆ ಇದು ಸಣ್ಣ ಪೆಟ್ಟಲ್ಲ.

ಹಾಗೆಂದು ವಿಜಿಎಂ ತೆಗೆದುಹಾಕಿ ಎನ್ನಲಾಗದು. 2007ರ ಜನವರಿಯಲ್ಲಿ ಇಂಗ್ಲಿಷ್ ಕಾಲುವೆಯಲ್ಲಿ ‘ಎಂಎಸ್‌ಸಿ ನಾಪೋಲಿ’ ಹಡಗಿನ ಒಡಲು ಬಿರುಕುಬಿಟ್ಟಿತು. ಡೆಕ್ಕಿನ ಮೇಲೆ ನೆನೆಯದೆ ಉಳಿದಿದ್ದ ಕಂಟೇನರುಗಳನ್ನು ಆಮೇಲೆ ತೂಗಿ ನೋಡಿದರೆ, ಸುಮಾರು ಐದರಲ್ಲಿ ಒಂದರ ತೂಕ ಘೋಷಿಸಿದ್ದಕ್ಕೂ ನಿಜಕ್ಕೂ ಮೂರು ಟನ್ನಿಗಿಂತ ಹೆಚ್ಚು ವ್ಯತ್ಯಾಸ! ಇಂಥ ಅನುಭವಗಳ ಬೆನ್ನಿಗೇ 2016ರ ಜುಲೈ 1ರಿಂದ ವಿಜಿಎಂ ಕಡ್ಡಾಯವಾದದ್ದು. ಜೀವ ಉಳಿಸುವ ವರದಿ ಇರಲೇಬೇಕು. ಅದರ ಪಕ್ಕದಲ್ಲಿ ಅಭ್ಯಾಸಬಲದಿಂದ ಉಳಿದುಕೊಂಡಿರುವ ವರದಿಯನ್ನು ಗುರುತಿಸುವುದೇ ಕಷ್ಟದ, ಆದರೆ ಬಲು ರಸವತ್ತಾದ ಕೆಲಸ.

ಇದು ಆಗದ ಮಾತೂ ಅಲ್ಲ. 2015ರಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ರಫ್ತಿಗೆ ಕಡ್ಡಾಯ ದಾಖಲೆಗಳನ್ನು ಮೂರಕ್ಕೆ ಇಳಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಕಸ್ಟಮ್ಸ್ ತಂದ ‘ಸ್ವಿಫ್ಟ್’ ವ್ಯವಸ್ಥೆ ಆಮದುದಾರರು ಬೇರೆ ಬೇರೆ ಕಚೇರಿಗಳಿಗೆ ತುಂಬುತ್ತಿದ್ದ ಒಂಬತ್ತು ನಮೂನೆಗಳನ್ನು ಒಂದೇ ಘೋಷಣೆಯೊಳಗೆ ಸೇರಿಸಿತು. ಕುಳಿತು ಒಂದೊಂದೇ ಖಾನೆ ಹೋಲಿಸಿದವರಿದ್ದರು, ಆದ್ದರಿಂದ ಆಯಿತು.

ಆ ಹೋಲಿಕೆಯ ಕೆಲಸ ಕನ್ನಡ ನೆಲದಲ್ಲಿ ಇನ್ನೂ ಬೇಕಾದಷ್ಟಿದೆ. ವಾಣಿಜ್ಯ ಓದುವ ಯಾರಾದರೂ ಹೆಗ್ಗನಹಳ್ಳಿಯಿಂದ ಹೊರಟ ಒಂದು ಕಂಟೇನರಿನ ಬೆನ್ನು ಹತ್ತಲಿ. ಮಂಗಳೂರಿನ ಹಳೆಬಂದರಿನಿಂದ ಲಕ್ಷದ್ವೀಪಕ್ಕೆ ದಿನಸಿ ಒಯ್ಯುವ ಮಂಜಿ ಹಡಗೊಂದರ ಕಾಗದಗಳನ್ನೂ ಜೊತೆಗಿಟ್ಟು ನೋಡಲಿ. ಪ್ರತಿ ಖಾನೆಯ ಎದುರು ಬರೆಯಬೇಕಾದ್ದು ಇಷ್ಟೇ: ಕೇಳಿದವರು ಯಾರು, ಯಾವ ಕಾನೂನಿನಡಿ, ಇನ್ನೆಲ್ಲಿ ಇದೇ ಪ್ರಶ್ನೆ ಇದೆ, ಕೊಟ್ಟ ಉತ್ತರವನ್ನು ಆಮೇಲೆ ಓದಿದವರು ಯಾರು. ಕೊನೆಯ ಪ್ರಶ್ನೆಗೆ ಉತ್ತರ ಸಿಗದ ಖಾನೆಗಳ ಪಟ್ಟಿಯನ್ನು ಬಂದರಿನ ಕಚೇರಿಗೆ ಕೊಡಲಿ.